ಹನ್ನೊಂದು ವರ್ಷದ ಚೀಟಿ

"ಹನ್ನೊಂದು ವರ್ಷದ ಕೂಸಿಗೆ ನಮ್ಮ ಮನ್ಯಾಗ ಕುಬಸ ಮಾಡಂಗಿಲ್ಲ! ತಗಿಸಿಬಿಡು!" ಅತ್ತೆ ಗುರುಬಸವ್ವ ಸ್ಕ್ಯಾನಿಂಗ್ ಕೋಣೆಯಲ್ಲೇ ಕೂಗಾಡಿದಳು.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲರ ಕೂಸಿನ ಆಯುಷ್ಯವೂ ಚೀಟಿಯಲ್ಲಿ ಅಚ್ಚಾಗಿ ಬರುತ್ತಿತ್ತು. ಸೊಸೆ ನೀಲಗಂಗಾಳ ಚೀಟಿಯಲ್ಲಿ ಹನ್ನೊಂದು ಎಂದು ಬಂದಿತ್ತು. ನಲವತ್ತಕ್ಕಿಂತ ಕಡಿಮೆ ಬಂದರೆ ಗುರುಬಸವ್ವನ ಮನೆತನದವರು ಬಸುರಿಗೆ ಹಸಿರು ಸೀರೆ ಉಡಿಸಿ ಕುಬಸದ ಸೀಮಂತ ಮಾಡುತ್ತಿರಲಿಲ್ಲ.

ನೀಲಗಂಗಾ ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಂಡಳು. "ಡಾಕ್ಟ್ರೇ, ಉಳಿದದ್ದು?"

"ಹೃದಯ, ಬೆನ್ನೆಲುಬು, ಕೈಕಾಲು, ಎಲ್ಲಾ ಸರಿ ಅದಾವು. ಈಗ ಬಟ್ಟು ಚೀಪಾಕತ್ತೈತಿ."

"ಕೇಳಿದ್ರೇನ್ರಿ ಅತ್ತಿ?"

"ಏನ್ ಕೇಳೂದು? ಸಾಕಿ ಸಾಕಿ ಮಣ್ಣಿಗೆ ಕೊಡ್ತಿಯೇನು?"

"ಹನ್ನೊಂದು ವರ್ಷದಾಗ ಅದು ನಡೀತೈತಿ, ಸಾಲಿಗೆ ಹೋಗ್ತೈತಿ, ನನ್ನ ಜೋಡಿ ಜಗಳಾನೂ ಆಡ್ತೈತಿ. ನನಗಷ್ಟು ಸಾಕು."

ನೀಲಗಂಗಾ ಚಪ್ಪಲಿ ಮೆಟ್ಟಿ ಹೊರನಡೆದು ತವರಿನ ಬಸ್ಸು ಹತ್ತಿದಳು. ಗುರುಬಸವ್ವ ಎರಡು ದಿನ ಸೊಸೆಯ ಪಾಲಿನ ರೊಟ್ಟಿಯನ್ನೂ ಬಡಿದಿಟ್ಟಳು. ಸೊಸೆ ಬರಲಿಲ್ಲ.