ದಿನಾ ಓಡಿದಂಗ

ಕ್ರೀಡಾ ಹಾಸ್ಟೆಲ್ಲಿನಲ್ಲಿ ಮಾಳಿಂಗನಿಗೆ ಮೊದಲಿನಿಂದಲೂ ಒಂದೇ ಕೆಲಸ. ದಿನವೂ ಅಭ್ಯಾಸದಲ್ಲಿ ಚಾಂಪಿಯನ್ನನ ಮುಂದೆ ಓಡಿ ಅವನ ವೇಗ ಏರಿಸಬೇಕು. ಕೊನೆಯ ಸುತ್ತಿನ ಗಂಟೆ ಹೊಡೆದ ಕೂಡಲೇ ಹುಲ್ಲಿಗೆ ಸರಿದು ದಾರಿ ಬಿಡಬೇಕು. ಓಟ ಮುಗಿಸಿದವನನ್ನು ಎಲ್ಲರೂ ಮುತ್ತಿಕೊಂಡಾಗ ಮಾಳಿಂಗ ಆಚೆ ಒಬ್ಬನೇ ಕೂತು ಬೂಟು ಬಿಚ್ಚುತ್ತಿದ್ದ.

ಪಂದ್ಯದ ದಿನವೇ ಚಾಂಪಿಯನ್ನನ ಕಾಲು ಉಳುಕಿತು.

"ಇವತ್ತ ನಿನ್ನ ಸಲುವಾಗಿ ನೀನ ಓಡಪಾ," ಎಂದರು ಕೋಚ್.

"ಎದಿ ಡವಡವ ಅಂತೈತ್ರಿ ಸರ್. ಗೆದ್ದು ಗೊತ್ತಿಲ್ಲ ನನಗ."

"ಅವನಕಿಂತ ಮುಂದ ಓಡಾಂವ ನೀನ ಅಲ್ಲೇನು? ಏನೂ ವಿಚಾರ ಮಾಡಬ್ಯಾಡ. ದಿನಾ ಓಡಿದಂಗ ಓಡು."

ಓಡಿದ. ಬರಬರುತ್ತ ಕಾಲುಗಳು ಹಗುರಾದವು. ಹಿಂದಿನವರ ಹೆಜ್ಜೆಯ ಸದ್ದು ಕೇಳಿಸದಷ್ಟು ಮುಂದೆ ಬಂದಿದ್ದ. ಹಾಸ್ಟೆಲ್ಲಿನ ಹುಡುಗರೆಲ್ಲ ಎದ್ದು ನಿಂತು, ಅದೇ ಮೊದಲ ಸಲ, ಅವನ ಹೆಸರು ಹಿಡಿದು ಕೂಗತೊಡಗಿದರು.

ಕೊನೆಯ ಸುತ್ತಿನ ಗಂಟೆ ಹೊಡೆಯಿತು.

ಮಾಳಿಂಗ ಹುಲ್ಲಿಗೆ ಸರಿದು ನಿಂತ. ದೂರದಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದವನ ಕಡೆ ತಿರುಗಿ, ಚಪ್ಪಾಳೆ ತಟ್ಟುತ್ತ ಕೂಗಿದ: "ಬಾ, ಬಾ! ಇನ್ನ ಒಂದ ಸುತ್ತು!"