ಆರಿಸಬೇಕಾದದ್ದು

“ಕಸ ಎಲ್ಲಾ ಆರಿಸ್ಬಿಟ್ಟೆ ಅಮ್ಮಾ,” ಎಂದು ಯಶಶ್ರೀ ಮೊರವನ್ನು ಮುಂದಿಟ್ಟಳು. ಗಾಂಧಿ ಬಜಾರಿನ ಟೀಪುಡಿ ಅಂಗಡಿಯಲ್ಲಿ ಅವಳಿಗೆ ಅದು ಮೊದಲ ದಿನ. ಯಜಮಾನಿ ಶೈಲಜಮ್ಮ ಪಕ್ಕದಲ್ಲಿ ಗುಡ್ಡೆಯಾಗಿದ್ದ ಹಸಿರು ಕಡ್ಡಿಗಳನ್ನು ನೋಡಿದರು. “ಅಯ್ಯೋ ಪುಟ್ಟಾ, ಇದು ಜಪಾನಿನ ಕುಕಿಚಾ. ಆ ಕಡ್ಡೀನೇ ಟೀ ಕಣೇ!”

ಕೆಲಸ ಹೋಯಿತೆಂದೇ ಯಶಶ್ರೀ ಅಂದುಕೊಂಡಳು. ಶೈಲಜಮ್ಮ ಬೈಯಲಿಲ್ಲ. ಕುದ್ದ ನೀರನ್ನು ಲೋಟದಿಂದ ಡಬರಿಗೆ, ಡಬರಿಯಿಂದ ಲೋಟಕ್ಕೆ ಎತ್ತಿ ಹುಯ್ದರು. “ಕುದಿಯೋ ನೀರು ಹಾಕಿದ್ರೆ ಕಹಿಯಾಗತ್ತೆ. ಆರಿಸ್ಬೇಕಾಗಿರೋದು ಕಡ್ಡೀನಲ್ಲ, ನೀರನ್ನ!” ಹದವಾದ ನೀರನ್ನು ಕಡ್ಡಿಗಳ ಮೇಲೆ ಸುರಿದು, ಒಂದು ನಿಮಿಷ ಬಿಟ್ಟು ಸೋಸಿ, ಲೋಟವನ್ನು ಅವಳ ಕೈಗೇ ಕೊಟ್ಟರು.

ಹಾಲಿಲ್ಲ, ಸಕ್ಕರೆಯಿಲ್ಲ, ಆದರೂ ಎಳೆ ಜೋಳದಂಥ ಸಿಹಿ ನಾಲಿಗೆಗೆ ಹತ್ತಿತು. ಯಶಶ್ರೀ ತಲೆಯೆತ್ತಿ ಅವರನ್ನೇ ನೋಡಿದಳು.

“ರುಚಿ ನೆನಪಿಟ್ಕೋ,” ಎಂದರು ಶೈಲಜಮ್ಮ. “ನಾಳೆಯಿಂದ ಗಿರಾಕಿಗಳಿಗೆ ನೀನೇ ಮಾಡ್ಕೊಡ್ಬೇಕು.”