ಎಡ ಬೂಟಿನ ಅಟ್ಟೆ

“ಮುಖ ನೋಡಯ್ಯ, ಕಾಲೇನು ನೋಡ್ತೀಯ!” ಇನ್‌ಸ್ಪೆಕ್ಟರ್ ಗದರಿದರು. ಮಾರುಕಟ್ಟೆಯಲ್ಲಿ ಬಾಂಬಿನ ಚೀಲ ಇಟ್ಟು ಹೋದವನ ವಿಡಿಯೊದಲ್ಲಿ ಟೋಪಿಯ ನೆರಳು ಮುಖವನ್ನು ನುಂಗಿತ್ತು. ಆದರೆ ನಲವತ್ತು ವರ್ಷ ಚಪ್ಪಲಿ ಹೊಲಿದ ಮುದುಕನ ಕಣ್ಣು, ಎದುರಿಗೆ ಯಾರೇ ಬಂದರೂ, ಮೊದಲು ಕಾಲಿನ ಮೇಲೇ ಬೀಳುತ್ತಿತ್ತು.

“ನಿನ್ನ ಮಗ ಕುಂಟ ಅಂತಾರೆ. ಇವನು ನೆಟ್ಟಗೆ ನಡೀತಾನೆ. ನನ್ನ ಮಗ ಅಲ್ಲ ಅಂತ ಒಂದು ಮಾತು ಹೇಳು, ಬರ್ಕೊಂಡು ಕಳಿಸಿಬಿಡ್ತೀವಿ.”

ಮಾರುಕಟ್ಟೆಯಲ್ಲಿ ಸತ್ತವರ ಕಾಲಲ್ಲೂ ಮುದುಕ ಹೊಲಿದ ಚಪ್ಪಲಿಗಳಿದ್ದವು. ಅವನ ಬೆರಳು ತೆರೆಯ ಮೇಲೆ ಎಡ ಬೂಟಿನ ದಪ್ಪ ಅಟ್ಟೆಗೆ ಬಂದು ನಿಂತಿತು.

“ಈ ಅಟ್ಟೆಗೆ ಎರಡು ಪದರ ಹೆಚ್ಚಿಗೆ ಹೊಲಿದವನು ನಾನೇ ಸ್ವಾಮಿ,” ಎಂದ. “ನನ್ನ ಮಗನ್ನ ಯಾರೂ ಕುಂಟ ಅಂತ ಗುರುತು ಹಿಡೀಬಾರದು ಅಂತ.”